ಗಂಜಿಯ ಕಾನೂನು

ನಮ್ಮ ಹಿರಿಯರ ಆಟಗಳಲ್ಲಿ ಎರಡು ಬಗೆಯವುಂಟು. ಚದುರಂಗದಲ್ಲಿ ಎಲ್ಲವೂ ಕಣ್ಣೆದುರಿಗೇ ಇದೆ; ಸೋತವನು ತನ್ನ ಬುದ್ಧಿಯನ್ನಲ್ಲದೆ ಬೇರಾರನ್ನೂ ದೂರುವಂತಿಲ್ಲ. ಪಗಡೆಯಲ್ಲಿ ಹಾಗಲ್ಲ. ಅಲ್ಲಿ ಗರ ಬೀಳುವುದು ನಮ್ಮ ಕೈಯಲ್ಲಿಲ್ಲ. ಬಿದ್ದ ಗರಕ್ಕೆ ಯಾವ ಕಾಯಿಯನ್ನು ನಡೆಸಬೇಕೆಂಬುದಷ್ಟೇ ನಮ್ಮ ಪಾಲಿನದು. ದ್ಯೂತಪ್ರಸಂಗವನ್ನು ಪಾಠ ಹೇಳುವಾಗ ನಾನು ವಿದ್ಯಾರ್ಥಿಗಳನ್ನು ಒಂದು ಪ್ರಶ್ನೆ ಕೇಳುವುದುಂಟು: ಆ ದಿನ ಸಭೆಯಲ್ಲಿ ನಡೆದುಹೋದುದಕ್ಕೆ ಗರ ಕಾರಣವೋ, ಪಣ ಕಾರಣವೋ? ಹುಡುಗರು ಸಾಮಾನ್ಯವಾಗಿ ಶಕುನಿಯ ಹೆಸರು ಹೇಳುತ್ತಾರೆ. ಶಕುನಿಯ ಕಪಟ ಇದ್ದದ್ದೇ. ಆದರೆ ಗರ ಬೀಳುವ ಮೊದಲೇ ಪಣ ಹೇಳಿದ ನಾಲಗೆ ಧರ್ಮರಾಯನದು.

ಈಗಿನ ಮಕ್ಕಳು ಕಂಪ್ಯೂಟರಿನಲ್ಲಿ ಆಡುವ ರಾಜ್ಯಭಾರದ ಆಟಗಳಲ್ಲಿ ಈ ಎರಡೂ ಬಗೆ ಬೆರೆತಿವೆ. ಆಡುವವನು ಅರಸನೋ ಮಂತ್ರಿಯೋ ಆಗಿ ಕಾನೂನುಗಳನ್ನು ಆರಿಸಿ ಜಾರಿಗೆ ತರುತ್ತಾನೆ. ಅದು ಚದುರಂಗದ ಭಾಗ. ಅನಂತರ ನೆರೆಯೋ ಬರವೋ ದಂಗೆಯೋ ಹೇಳದೆ ಕೇಳದೆ ಬಂದೆರಗುತ್ತದೆ. ಅದು ಪಗಡೆಯ ಭಾಗ. ಇಂಥ ಆಟಗಳ ಮಾತನ್ನು ಸಾಹಿತ್ಯದ ಪುಟದಲ್ಲಿ ಎತ್ತುವುದು ಉಚಿತವೇ ಎಂದು ವಾಚಕರು ಕೇಳಬಹುದು. ಕೆಲವು ವರ್ಷಗಳ ಹಿಂದಾಗಿದ್ದರೆ ನಾನೂ ಕೇಳುತ್ತಿದ್ದೆ. ಆದರೆ ಪೋಲೆಂಡಿನ ಪ್ರಧಾನಮಂತ್ರಿಯವರು 2020ರಲ್ಲಿ, ಮುತ್ತಿಗೆಗೆ ಸಿಕ್ಕಿದ ಊರಿನ ಸಾಮಾನ್ಯ ಜನರ ಬದುಕನ್ನು ತೋರಿಸುವ ಒಂದು ಆಟವನ್ನು ತಮ್ಮ ಶಾಲೆಗಳ ಪೂರಕ ಓದಿನ ಪಟ್ಟಿಗೆ ಸೇರಿಸುವುದಾಗಿ ಸಾರಿದರು. ಓದಿನ ಪಟ್ಟಿಗೆ ಆಟವೇ ಎಂದು ಆಗ ನಕ್ಕವರಲ್ಲಿ ನಾನೂ ಒಬ್ಬ. ಆ ಆಟವನ್ನು 2014ರಲ್ಲಿ ತಂದ ವಾರ್ಸಾದ ‘ಇಲೆವೆನ್ ಬಿಟ್’ ಸಂಸ್ಥೆಯವರೇ 2018ರಲ್ಲಿ ‘ಫ್ರಾಸ್ಟ್‌ಪಂಕ್’ ಎಂಬ ಇನ್ನೊಂದನ್ನು ಹೊರತಂದರು. ನನ್ನ ಮಗಳು ಆಡುವುದು ಅದನ್ನು. ನಾನು ಬರೆಯಹೊರಟಿರುವುದೂ ಅದರ ವಿಷಯವಾಗಿಯೇ.

ಅದಕ್ಕೆ ಮೊದಲು ಇನ್ನೊಂದರ ಮಾತು ಸ್ವಲ್ಪ. ‘ಸಿವಿಲೈಸೇಷನ್’ ಎಂಬ ಹೆಸರುವಾಸಿಯಾದ ಆಟ 1991ರಿಂದ ನಡೆದು ಬಂದಿದೆ. ಅದರ ಆರನೆಯ ಕಂತು ಬಂದದ್ದು 2016ರಲ್ಲಿ. ಅದರಲ್ಲಿ ರಾಜ್ಯನೀತಿಗಳೆಂದರೆ ಇಸ್ಪೀಟಿನ ಎಲೆಗಳಂಥ ಎಲೆಗಳು: ಸೇನೆಗೆ ಕೆಲವು, ಹಣಕಾಸಿಗೆ ಕೆಲವು, ಪರರಾಜ್ಯದ ವ್ಯವಹಾರಕ್ಕೆ ಕೆಲವು. ಬೇಕೆಂದಾಗ ಒಂದನ್ನು ತೆಗೆದು ಇನ್ನೊಂದನ್ನು ಇಡಬಹುದು. ಹೆಚ್ಚೆಂದರೆ ಸ್ವಲ್ಪ ಹೊನ್ನು ಖರ್ಚಾದೀತು. ನಿನ್ನೆಯ ನೀತಿಯನ್ನು ಪ್ರಜೆಗಳು ನೆನಪಿಟ್ಟುಕೊಳ್ಳುವುದಿಲ್ಲ. 2019ರ ಪುರವಣಿಯಲ್ಲಿ ನೆರೆ, ಬರಗಾಲ, ಜ್ವಾಲಾಮುಖಿಗಳು ಬಂದುವು. ನೆರೆ ಬಂದರೆ ಹೊಲಗಳು ಹಾಳಾಗುತ್ತವೆ. ಆದರೆ ಮೆಕ್ಕಲುಮಣ್ಣು ನಿಂತು ಮುಂದಿನ ಬೆಳೆ ಹೆಚ್ಚುತ್ತದೆ. ಭೂಗೋಳದ ದೃಷ್ಟಿಯಿಂದ ಇದು ಸುಳ್ಳಲ್ಲ. ಆದರೆ ಈ ಆಟವಾಡುತ್ತ, ನದಿಯ ದಂಡೆಯಲ್ಲಿ ಊರು ಕಟ್ಟಿ, ನೆರೆ ಯಾವಾಗ ಬಂದೀತೆಂದು ನಾನು ಆಸೆಯಿಂದ ಕಾದದ್ದುಂಟು. ಮಲಪ್ರಭೆಯ ಸೀಮೆಯಲ್ಲಿ ಮನೆ ಮಾಡಿಕೊಂಡಿರುವವನು ಹೀಗೆ ಕಾಯಬಹುದೇ? ಶತಮಾನಗಳನ್ನೇ ಗೇಣಿನಿಂದ ಅಳೆಯುವಷ್ಟು ಎತ್ತರದಲ್ಲಿ ಕುಳಿತ ಅರಸನಿಗೆ ಕೆಳಗಿನ ಮನುಷ್ಯ ಕಾಣುವುದಿಲ್ಲ. ಆಟ ಸೊಗಸಾದದ್ದು. ಆದರೆ ಅದರಿಂದ ನನ್ನ ನಿದ್ದೆ ಕೆಟ್ಟಿಲ್ಲ.

ನಿದ್ದೆ ಕೆಡಿಸಿದ್ದು ಫ್ರಾಸ್ಟ್‌ಪಂಕ್. ಕಾಲ, 1886 ಎಂದು ಕಲ್ಪಿಸಿದ್ದಾರೆ. ಭೂಮಿಯೆಲ್ಲ ಹಿಮದಿಂದ ಮುಚ್ಚಿಹೋಗಿದೆ. ಲಂಡನ್ನಿನಿಂದ ಹೊರಟ ಸುಮಾರು 80 ಜನ, ಮಕ್ಕಳು ಮರಿಗಳೊಡನೆ, ಉತ್ತರದ ಒಂದು ಹಳ್ಳದಲ್ಲಿ ನಿಂತಿರುವ ದೊಡ್ಡ ಕಲ್ಲಿದ್ದಲ ಕುಲುಮೆಯ ಸುತ್ತ ಗುಡಿಸಲು ಹಾಕಿಕೊಂಡಿದ್ದಾರೆ. ಕುಲುಮೆ ಆರಿದರೆ ಊರು ಸಾಯುತ್ತದೆ. ಆಡುವವನು ಊರಿನ ನಾಯಕ. ಅವನ ಮುಂದೆ ಕಾನೂನಿನ ಪುಸ್ತಕವೊಂದು ತೆರೆದಿರುತ್ತದೆ. ಅದರಲ್ಲಿ ಹೆಚ್ಚಿನವು ಜೋಡಿ ದಾರಿಗಳು. ಸತ್ತವರಿಗೆ ಸ್ಮಶಾನ ಬೇಕೋ, ಹಿಮದ ಗುಂಡಿ ಸಾಕೋ? ಮಕ್ಕಳಿಗೆ ಆಶ್ರಯಮಂದಿರ ಕಟ್ಟಿಸುವೆಯೋ, ಅವರನ್ನು ಕೆಲಸಕ್ಕೆ ಹಚ್ಚುವೆಯೋ? ಆಹಾರ ಸಾಲದಾದಾಗ ಅದೇ ದಿನಸಿಗೆ ನೀರು ಹೆಚ್ಚಿಸಿ ಗಂಜಿ ಮಾಡಿ ಹೆಚ್ಚು ಜನಕ್ಕೆ ಹಂಚುವೆಯೋ, ಇಲ್ಲ ಮರದ ಹೊಟ್ಟು ಬೆರೆಸಿ ಹೊಟ್ಟೆ ತುಂಬಿಸುವೆಯೋ? ಒಂದಕ್ಕೆ ಸಹಿ ಹಾಕಿದರೆ ಅದರ ಜೋಡಿಯ ಬಾಗಿಲು ಮುಚ್ಚುತ್ತದೆ. ಸಹಿ ಹಾಕಿದ್ದನ್ನು ಮತ್ತೆ ಅಳಿಸುವಂತಿಲ್ಲ. ಎಲೆ ಬದಲಾಯಿಸುವ ಆಟಕ್ಕೂ ಇದಕ್ಕೂ ಇರುವ ಅಂತರ ಇಲ್ಲಿದೆ.

ಇನ್ನು ಆಕಸ್ಮಿಕಗಳು. ಬರಲಿರುವ ಚಳಿಯ ಸೂಚನೆ ಮೇಲ್ಗಡೆ ಕಾಣುತ್ತಲೇ ಇರುತ್ತದೆ; ಆದುದರಿಂದ ಚಳಿಯನ್ನು ಆಕಸ್ಮಿಕವೆನ್ನಲಾಗದು. ಆದರೆ ಒಂದು ದಿನ ಜನ ಬಂದು ನಿಂತು, ನಮ್ಮ ಗುಡಿಸಲುಗಳು ಕೊರೆಯುತ್ತಿವೆ, ಬೆಚ್ಚಗೆ ಮಾಡಿಕೊಡುವೆನೆಂದು ಮಾತು ಕೊಡು ಎನ್ನುತ್ತಾರೆ. ಮಾತು ಕೊಟ್ಟು ತಪ್ಪಿದರೆ ಸಿಟ್ಟು ಇಮ್ಮಡಿ. ಇನ್ನೊಂದು ದಿನ, ತಮ್ಮಂತೆಯೇ ಬದುಕಿದೆಯೆಂದು ನಂಬಿದ್ದ ನೆರೆಯ ಊರು ಪಾಳುಬಿದ್ದಿರುವ ಸುದ್ದಿಯನ್ನು ದಾರಿ ಹುಡುಕಲು ಹೋದವರು ತರುತ್ತಾರೆ. ಜನರ ಎದೆ ಒಡೆಯುತ್ತದೆ. ಲಂಡನ್ನಿಗೇ ಹಿಂದಿರುಗೋಣ ಎಂಬ ಗುಂಪು ಹುಟ್ಟಿಕೊಳ್ಳುತ್ತದೆ. ಆಗ ನಾಯಕನಿಗೆ ಎರಡು ಹಾದಿ: ಕಾವಲುಗಾರರ ಶಿಸ್ತು, ಇಲ್ಲವೆ ದೇವರ ಹೆಸರಿನ ನಂಬಿಕೆ. ಎರಡೂ ಮೊದಮೊದಲು ಸಮಾಧಾನ ಕೊಡುತ್ತವೆ. ಎರಡರ ತುದಿಯಲ್ಲೂ ಭಯವೇ ಕಾದಿರುವುದು. ಹಾದಿ ಹಿಡಿದ ದಿನ ಆ ತುದಿ ಯಾರಿಗೂ ಕಾಣುವುದಿಲ್ಲ.

ಮಗಳು ಆಡುತ್ತಿದ್ದಾಗ ನಾನು ಹಿಂದೆ ನಿಂತು ನೋಡುತ್ತಿದ್ದೆ. ಕಲ್ಲಿದ್ದಲು ಕಡಿಮೆಯಾಯಿತು. ಅವಳು ಪುಸ್ತಕ ತೆರೆದು, ಮಕ್ಕಳನ್ನು ಕೆಲಸಕ್ಕೆ ಹಚ್ಚುವ ಕಾನೂನಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಸಹಿ ಹಾಕಿದಳು. ನನಗೆ ಸಿಟ್ಟು ಬಂತು. ಇಷ್ಟು ವರ್ಷ ಮನೆಯಲ್ಲಿ ಕಥೆ ಕವಿತೆಗಳನ್ನು ಓದಿ ಬೆಳೆದವಳು ಮಾಡುವುದು ಇದನ್ನೇ ಎಂದೆ.

“ಮತ್ತ ಬ್ಯಾರೆ ದಾರಿ ಎಲ್ಲೈತ್ರಿ ಅಪ್ಪಾ?” ಎಂದಳು ತಿರುಗಿ ನೋಡದೆ. “ಇದ್ದಲಿ ತೀರಿದ್ರ ಆ ಹುಡುಗ್ರೂ ಸಾಯ್ತಾವು. ಬೇಕಂದ್ರ ನೀವ ಆಡಿ ನೋಡ್ರಿ.”

ಆಡಿ ನೋಡಿದೆ. ಮಕ್ಕಳಿಗೆ ಆಶ್ರಯಮಂದಿರ ಕಟ್ಟಿಸುವ ಸಂಕಲ್ಪದಿಂದಲೇ ಕುಳಿತೆ. ಅದಕ್ಕೆ ಸಹಿ ಹಾಕುವುದನ್ನು ಮಾತ್ರ ನಾಳೆ ನಾಳೆ ಎಂದು ಮುಂದೂಡಿದೆ. ಒಂದು ಕಾನೂನಾದ ಮೇಲೆ ಇನ್ನೊಂದಕ್ಕೆ ಕೆಲವು ಗಂಟೆ ಕಾಯಬೇಕಾದ ಕಾರಣ, ಗಂಜಿಯ ಕಾನೂನು ಮೊದಲಿಗೆ ಬಂತು, ಹೆಚ್ಚಿನ ಹೊತ್ತು ದುಡಿಸುವ ಕಾನೂನು ಎರಡನೆಯದಾಯಿತು. ಆಟದ ಲೆಕ್ಕದ ಐದನೆಯ ರಾತ್ರಿ ಕುಲುಮೆ ಆರುವ ಹಾಗಾಯಿತು. ನಾನೂ ಆ ಕಾನೂನಿಗೆ ಸಹಿ ಹಾಕಿದೆ. ತಾತ್ಕಾಲಿಕ ಎಂದು ನನಗೆ ನಾನೇ ಹೇಳಿಕೊಂಡೆ. ಅಳಿಸುವಂತಿಲ್ಲವೆಂಬುದು ತಿಳಿದೇ ಹೇಳಿಕೊಂಡೆ. ಹೀಗೆ ಹೇಳಿಕೊಳ್ಳುವುದರಲ್ಲಿ ವಿದ್ಯಾವಂತರಿಗೆ ಒಂದು ವಿಶೇಷ ನೈಪುಣ್ಯವಿದೆ.

ಆ ಆಟದಲ್ಲಿ ಹಿಮವನ್ನು ಸೀಳಿಕೊಂಡು ನಡೆಯುವ ಯಾವ ಮನುಷ್ಯನ ಮೇಲಾದರೂ ಒತ್ತಿದರೆ ಅವನ ಹೆಸರು, ಅವನ ಮನೆಯವರ ಹೆಸರು ಕಾಣುತ್ತವೆ. ಇದನ್ನು ಮಗಳೇ ತೋರಿಸಿಕೊಟ್ಟಳು. ನಾನು ಇದ್ದಲು ಹೊರುತ್ತಿದ್ದ ಒಂದು ಮಗುವಿನ ಮೇಲೆ ಒತ್ತಿದೆ, ಹೆಸರು ಓದಿದೆ, ಬೇಗನೆ ಮುಚ್ಚಿದೆ. ಮತ್ತೆ ಯಾರ ಮೇಲೂ ಒತ್ತಲಿಲ್ಲ. ಪರದೆಯ ಕೆಳಗೆ ಎರಡು ಪಟ್ಟಿಗಳಿರುತ್ತವೆ, ಭರವಸೆಗೊಂದು, ಅಸಮಾಧಾನಕ್ಕೊಂದು. ಅವುಗಳ ಮೇಲೆ ಕಣ್ಣಿಟ್ಟು ಆಡಿದರೆ ಊರು ಉಳಿಯುತ್ತದೆ. ಹೆಸರುಗಳ ಮೇಲೆ ಕಣ್ಣಿಟ್ಟರೆ ಆಡುವುದೇ ಕಷ್ಟ.

ನನಗೆ ಮುಖ್ಯವೆಂದು ತೋರುವುದು ಈ ಅಂಶ. ಆಕಸ್ಮಿಕ ಎಲ್ಲರಿಗೂ ಒಂದೇ. ಅದು ಬಂದಾಗ ಆಳುವವನ ಕಣ್ಣು ಯಾವ ಪಟ್ಟಿಯ ಮೇಲಿತ್ತು ಎಂಬುದರಿಂದ ಸಾವು ಬದುಕು ನಿರ್ಧಾರವಾಗುತ್ತದೆ. ಇದು ಆಟದ ಮಾತು ಮಾತ್ರವಲ್ಲ. 1873–74ರಲ್ಲಿ ಬಿಹಾರದಲ್ಲಿ ಮಳೆ ಹೋದಾಗ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬರ್ಮಾದಿಂದ ಹೇರಳವಾಗಿ ಅಕ್ಕಿ ತರಿಸಿದ. ಹಸಿವಿನಿಂದ ಸತ್ತವರು ಬಹು ವಿರಳ. ಅದಕ್ಕೆ ಅವನಿಗೆ ಸಿಕ್ಕ ಬಹುಮಾನವೆಂದರೆ ದುಂದುಗಾರನೆಂಬ ಬಿರುದು. ಮೂರು ವರ್ಷ ಕಳೆದು ದಕ್ಷಿಣದಲ್ಲಿ ಮಳೆ ಹೋಯಿತು. ಧಾತು, ಈಶ್ವರ ಎಂಬ ಎರಡು ಸಂವತ್ಸರಗಳ ಹೆಸರಿನಲ್ಲಿ ನಮ್ಮ ಅಜ್ಜಂದಿರ ಅಜ್ಜಂದಿರು ನೆನೆಯುತ್ತಿದ್ದ ಬರ ಅದು. 1877ರಲ್ಲಿ ವೈಸರಾಯ್ ಲಿಟ್ಟನ್ ಮಿತವ್ಯಯದ ಆಜ್ಞೆಯೊಡನೆ ಅದೇ ಟೆಂಪಲನನ್ನು ಮದರಾಸಿಗೆ ಕಳುಹಿಸಿದ. ಈ ಸಲ ಅವನು ಪರಿಹಾರದ ಕಾಮಗಾರಿಗಳಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಒಂದಾಣೆ ಕೂಲಿ ಎಂದು ಗೊತ್ತುಮಾಡಿದ. ಇಷ್ಟರಿಂದ ದುಡಿಯುವ ದೇಹ ನಿಲ್ಲದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಬರೆದು ವಾದಿಸಿದ. ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದ ಮೈಸೂರು ಸಂಸ್ಥಾನವನ್ನೂ ಆ ಬರ ಬಿಡಲಿಲ್ಲ. ಅಲ್ಲಿನ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದುದು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬಿಹಾರದಲ್ಲೂ ದಕ್ಷಿಣದಲ್ಲೂ ಆಕಾಶ ಮಾಡಿದ್ದು ಒಂದೇ ಕೆಲಸ. ಮನುಷ್ಯನೂ ಒಬ್ಬನೇ. ಅವನು ನೋಡುತ್ತಿದ್ದ ಪಟ್ಟಿ ಬೇರೆಯಾಗಿತ್ತು; ಎರಡನೆಯ ಸಲ ಅದು ಬೊಕ್ಕಸದ ಪಟ್ಟಿ.

ಟೆಂಪಲನನ್ನು ದೂರುವುದು ನನಗೆ ಸುಲಭ. ನೂರೈವತ್ತು ವರ್ಷದ ದೂರ ನಡುವೆ ಇದೆ. ಆದರೆ ನನ್ನದೂ ಒಂದು ಸಹಿಯುಂಟು.

2019ರ ಜೂನಿನಲ್ಲಿ ನಮ್ಮ ಕಾಲೇಜಿನಲ್ಲಿ ಆಂತರಿಕ ಪರೀಕ್ಷೆಗಳ ಶಿಸ್ತಿಗಾಗಿ ಒಂದು ಸಮಿತಿ ಕುಳಿತಿತ್ತು. ಕಾಯಿಲೆಯ ನೆವ, ಮದುವೆಯ ನೆವ ಹೇಳಿ ಪರೀಕ್ಷೆ ತಪ್ಪಿಸಿ ಆಮೇಲೆ ಮರುಪರೀಕ್ಷೆ ಬೇಡುವ ಹುಡುಗರಿಂದ ಎಲ್ಲರೂ ಬೇಸತ್ತಿದ್ದೆವು. ಗೈರುಹಾಜರಾದವರಿಗೆ ಮರುಪರೀಕ್ಷೆ ಇಲ್ಲವೆಂದು ನಿಶ್ಚಯವಾಯಿತು. ಕನ್ನಡದ ಅಧ್ಯಾಪಕನೆಂದು ನಿಯಮದ ಭಾಷೆಯನ್ನು ನನಗೇ ವಹಿಸಿದರು. ವಾಕ್ಯಕ್ಕೆ ಬಿಗಿ ಬರಲೆಂದು ‘ಯಾವುದೇ ಕಾರಣಕ್ಕೂ’ ಎಂಬೆರಡು ಪದಗಳನ್ನು ನಾನು ಸೇರಿಸಿದೆ. ಸಮಿತಿ ಮೆಚ್ಚಿತು. ಆಗಸ್ಟಿನಲ್ಲಿ ಉತ್ತರ ಕರ್ನಾಟಕದ ಹೊಳೆಗಳೆಲ್ಲ ಉಕ್ಕಿ ಊರುಗಳು ಮುಳುಗಿದುವು. ಆ ತಿಂಗಳ ಕೊನೆಯಲ್ಲಿ ನಮ್ಮ ಪರೀಕ್ಷೆ ನಡೆಯಿತು. ಸೆಪ್ಟೆಂಬರಿನಲ್ಲಿ ಹೊಳೆದಂಡೆಯ ಹಳ್ಳಿಯ ಒಬ್ಬ ಹುಡುಗ ಬಂದು ನಿಂತ. ಮನೆ ಬಿದ್ದಿತ್ತು, ತಾಯಿಯೊಡನೆ ಮೂರು ವಾರ ಗಂಜಿ ಕೇಂದ್ರದಲ್ಲಿದ್ದೆ ಎಂದ. ನಾನು ನಿಯಮವನ್ನು ತೋರಿಸಿದೆ. ನಾನೇ ಬರೆದದ್ದಾದುದರಿಂದ ಅದರ ಅರ್ಥದಲ್ಲಿ ನನಗೆ ಸಂಶಯವಿರಲಿಲ್ಲ. ಒಬ್ಬನಿಗೆ ಸಡಿಲಿಸಿದರೆ ನಾಳೆ ಹತ್ತು ಜನ ಬರುತ್ತಾರೆ ಎಂಬ ಮಾತನ್ನೂ ಆಡಿದೆನೆಂದು ನೆನಪು. “ಆಗ್ಲಿ ಬಿಡ್ರಿ ಸರ್” ಎಂದು ಅವನು ಹೊರಟುಹೋದ. ನಾನು ಆ ಹೊತ್ತು ನೋಡುತ್ತಿದ್ದ ಪಟ್ಟಿ ಅಂಕಗಳ ವಹಿಯ ಅಚ್ಚುಕಟ್ಟು.

ಈ ಆಟಗಳ ಮೇಲೆ ನನಗೊಂದು ಆಕ್ಷೇಪವಿದೆ. ಅವು ನಮ್ಮನ್ನು ಯಾವಾಗಲೂ ಸಹಿ ಹಾಕುವವನ ಪೀಠದಲ್ಲೇ ಕೂರಿಸುತ್ತವೆ. ಗಂಜಿಯ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲಿಸುವ ಆಟ ಅಪರೂಪ. ಪೋಲೆಂಡಿನ ಶಾಲೆಗಳ ಪಟ್ಟಿಗೆ ಸೇರಿಸಹೊರಟದ್ದು ಅಂಥದೊಂದು ಎಂಬುದನ್ನು ಮರೆಯಲಾಗದು, ಅದಕ್ಕಾಗಿ ಅಂದಿನ ನನ್ನ ನಗೆಯನ್ನು ಹಿಂತೆಗೆದುಕೊಳ್ಳುತ್ತೇನೆ. 2024ರಲ್ಲಿ ಬಂದ ಫ್ರಾಸ್ಟ್‌ಪಂಕಿನ ಎರಡನೆಯ ಭಾಗದಲ್ಲಿ ಕಾನೂನು ಸಭೆಯ ಮುಂದೆ ಹೋಗುತ್ತದೆ, ಮತ ಬೇಡಬೇಕು, ಪಕ್ಷಗಳಿಗೆ ಮಾತು ಕೊಡಬೇಕು, ಆದ ಕಾನೂನನ್ನು ಸಭೆಯೇ ರದ್ದುಮಾಡಲೂಬಹುದು. ರಾಜ್ಯಶಾಸ್ತ್ರದ ಅಧ್ಯಾಪಕರಿಗೆ ಇದು ಹೆಚ್ಚು ರುಚಿಸೀತು. ನನಗೆ ಮೊದಲನೆಯದೇ ಹೆಚ್ಚು ನಿಜವೆನಿಸುತ್ತದೆ. ತರಗತಿಯಲ್ಲಿ ದ್ಯೂತಪ್ರಸಂಗದ ಜೊತೆಗೆ ಒಂದು ದಿನ ಇದನ್ನೂ ಇಟ್ಟು ಚರ್ಚಿಸಿದರೆ ಹುಡುಗರು ಶಕುನಿಯ ಹೆಸರು ಹೇಳಿ ತಪ್ಪಿಸಿಕೊಳ್ಳಲಾರರು. ಇಂಥ ಪಾಠವನ್ನು ಹಗುರವೆನ್ನುವ ಸಹೋದ್ಯೋಗಿಗಳಲ್ಲಿ ನನ್ನದೊಂದು ಬಿನ್ನಹ: ಐದು ರಾತ್ರಿ ಆಡಿ ನೋಡಿ, ಆಮೇಲೆ ಹೇಳಿ.

ನನ್ನ ಊರು ಕೊನೆಗೆ ಉಳಿಯಿತು. ಮುಗಿದಾಗ ಆಟವು ಮೊದಲ ದಿನದಿಂದ ಊರು ಬೆಳೆದ ಬಗೆಯನ್ನು ವೇಗವಾಗಿ ತೋರಿಸುತ್ತ, ನಾವು ಮಾಡಿದ್ದನ್ನು ಒಂದೊಂದಾಗಿ ನೆನಪಿಸುತ್ತದೆ. ನಾನು ಅದನ್ನು ಪೂರ್ತಿ ನೋಡಲಿಲ್ಲ. ಮಗಳು, “ಬ್ಯಾಡಾದ್ರ ಐದನೇ ರಾತ್ರಿಗೆ ಹೊಳ್ಳಿ ಹೋಗಬೌದ್ರಿ ಅಪ್ಪಾ, ಉಳಿಸಿಟ್ಟೀನಿ” ಎಂದಳು. ಹಾಗೆ ಹಿಂದಕ್ಕೆ ಹೋಗಲು ಬಿಡದ ಕಠಿಣವಾದ ಒಂದು ಬಗೆಯೂ ಆ ಆಟದಲ್ಲಿದೆಯಂತೆ. ಅವಳು ಅದರ ಹತ್ತಿರ ಸುಳಿದಿಲ್ಲ. ಇಬ್ಬರೂ ಕುಳಿತು ಐದನೆಯ ರಾತ್ರಿಗೆ ಹೋದೆವು. ಸಹಿ ಬೀಳದ ಪುಸ್ತಕ ಮತ್ತೆ ಹಾಗೆಯೇ ತೆರೆದುಕೊಂಡಿತು.

ನಮ್ಮ ಕಾಲೇಜಿನ ನಿಯಮವನ್ನು ಮರುವರ್ಷ ತಿದ್ದಿದೆವು. ‘ಯಾವುದೇ ಕಾರಣಕ್ಕೂ’ ಎಂಬುದು ಹೋಗಿ ‘ಪ್ರಕೃತಿ ವಿಕೋಪದ ಸಂದರ್ಭಗಳನ್ನುಳಿದು’ ಎಂದಾಯಿತು. ಈ ತಿದ್ದುಪಡಿ ಹಿಂದಿನ ವರ್ಷಕ್ಕೆ ಅನ್ವಯಿಸುವುದಿಲ್ಲವೆಂದು ಅದರ ಕೆಳಗೆ ಬರೆದವನೂ ನಾನೇ.