ಹುಳುವಿನ ಹೆಸರು ತಿಳಿಯದೆ ಔಷಧಿ ಬೇಡ

ಕಾಫಿ ಎಲೆಯ ಮೇಲೆ ಬೆಳ್ಳಗಿನ ಅಂಕುಡೊಂಕು ಗೆರೆ ಕಂಡೊಡನೆ "ಇದಕ್ಕೆ ಏನು ಹೊಡೆಯಬೇಕು?" ಎಂದು ಎಲೆ ಹಿಡಿದು ಸಂಘದ ಕಚೇರಿಗೆ ಬರುವ ಸದಸ್ಯರು ಪ್ರತಿ ವರ್ಷವೂ ಇದ್ದಾರೆ. ಬ್ರೆಜಿಲಿನ ಎಲೆ ಕೊರೆಯುವ ಪತಂಗದ ವಿಷಯ ಕೇಳಿ, ಅದೇ ಪೀಡೆ ನಮ್ಮ ತೋಟಕ್ಕೂ ಬಂತೆಂದು ಗಾಬರಿಯಾದವರೂ ಇದ್ದಾರೆ. ಏನು ಹೊಡೆಯಬೇಕೆಂದು ಕೇಳುವ ಮೊದಲು ಇದು ಯಾವ ಹುಳು ಎಂದು ಕೇಳಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಬ್ರೆಜಿಲಿನ ಆ ಪತಂಗದ ಹೆಸರು ಲ್ಯೂಕಾಪ್ಟೆರ ಕಾಫಿಯೆಲ್ಲ. ಲಯೊನೆಟಿಡೆ ಕುಟುಂಬದ ಸೀಮಿಯೊಸ್ಟೊಮಿನೆ ಎಂಬ ಉಪಕುಟುಂಬಕ್ಕೆ ಸೇರಿದ್ದು. ಲ್ಯೂಕಾಪ್ಟೆರ ಎಂದರೆ ಬಿಳಿರೆಕ್ಕೆ ಎಂದರ್ಥ. ರೆಕ್ಕೆ ಬಿಚ್ಚಿದರೂ ಅಗಲ ಸುಮಾರು 6 ಮಿಲಿಮೀಟರ್ ಅಷ್ಟೆ. ಮೀಸೆಯ ಬುಡ ಅಗಲವಾಗಿ ಕಣ್ಣಿಗೆ ಮುಚ್ಚಳದಂತಿರುವುದು ಈ ಗುಂಪಿನ ಒಂದು ಗುರುತು. ಮರಿಹುಳುಗಳು ಎಲೆಯ ಎರಡು ಪೊರೆಗಳ ನಡುವೆ ಕುಳಿತು ತಿನ್ನುವುದು ಇನ್ನೊಂದು ಗುರುತು.

ತಾಯಿ ಎಲೆಯ ಮೇಲ್ಭಾಗದಲ್ಲಿ ಮೊಟ್ಟೆಯಿಡುತ್ತದೆ. ಮರಿ ಹೊರಗೆ ಬಾರದೆ, ಮೊಟ್ಟೆಯ ತಳದಿಂದಲೇ ನೇರ ಎಲೆಯೊಳಗೆ ಇಳಿಯುತ್ತದೆ. ಅದು ತಿಂದ ಜಾಗ ಅಗಲವಾದ ಕಂದು ಮಚ್ಚೆಯಾಗುತ್ತದೆ. ಉಗುರಿನಿಂದ ಕೆರೆದರೆ ಮೇಲಿನ ಸಿಪ್ಪೆ ಸುಲಭವಾಗಿ ಏಳುತ್ತದೆ. ಬೆಳೆದ ಮರಿ ಹೊರಬಂದು, ಸಾಮಾನ್ಯವಾಗಿ ಎಲೆಯ ಅಡಿಯಲ್ಲಿ ಬಿಳಿ ರೇಷ್ಮೆಯ ಪುಟ್ಟ ಹೊದಿಕೆ ನೇಯ್ದು ಕೋಶವಾಗುತ್ತದೆ. ಒಣ ಹವೆಯಲ್ಲಿ ಇದರ ಹಾವಳಿ ಹೆಚ್ಚು. ಎಲೆ ಉದುರಿ ಗಿಡ ಬರಿದಾಗುತ್ತದೆ.

ಇಷ್ಟು ವಿವರ ನಮಗೇಕೆ ಎನ್ನುವವರಿಗೆ ಪೂರ್ವ ಆಫ್ರಿಕದ ಕಥೆ ಹೇಳಬೇಕು. 1842ರಲ್ಲಿ ಗೆರಾಂ-ಮೆನೆವಿಲ್ ಎಂಬ ಫ್ರೆಂಚ್ ವಿಜ್ಞಾನಿ ವೆಸ್ಟ್ ಇಂಡೀಸ್ ದ್ವೀಪಗಳ ಕಾಫಿಯಲ್ಲಿ ಕಂಡ ಪತಂಗಕ್ಕೆ ಹೆಸರಿಟ್ಟ. ಆಫ್ರಿಕದ ಕಾಫಿಯಲ್ಲಿರುವುದೂ ಅದೇ ಎಂದು ಬಹುಕಾಲ ತಿಳಿದಿದ್ದರು. 1940ರಲ್ಲಿ ಅಲ್ಲಿಯವು ಬೇರೆ ಜಾತಿಗಳೆಂದು ತಿಳಿಯಿತು: ಲ್ಯೂಕಾಪ್ಟೆರ ಮೇರಿಕಿ ಮತ್ತು ಲ್ಯೂಕಾಪ್ಟೆರ ಕೆಫೀನ. ಮೊದಲನೆಯದಕ್ಕೆ ಬಿಸಿಲು ತೋಟ ಇಷ್ಟ. ಮೊಟ್ಟೆಯನ್ನು ಬಿಡಿಬಿಡಿಯಾಗಿ ಇಡುತ್ತದೆ. ಎರಡನೆಯದಕ್ಕೆ ನೆರಳು ಇಷ್ಟ. ಎಲೆಯ ನರದ ಗುಂಟ ಸಾಲಾಗಿ ಇಡುತ್ತದೆ. ಹಾಗಾದರೆ, ನೆರಳು ಕಡಿಯಬೇಕೋ ಉಳಿಸಬೇಕೋ ಎಂಬುದು ಹುಳುವಿನ ಹೆಸರಿನ ಮೇಲೆ ನಿಂತ ಮಾತಾಯಿತು!

ಅಲ್ಲಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ. 1950ರ ದಶಕದ ನಂತರ ಕೆನ್ಯಾ ಕಡೆ ಪ್ರಬಲ ಕೀಟನಾಶಕಗಳ ಬಳಕೆ ಬೆಳೆದಂತೆ ಈ ಪತಂಗದ ಹಾವಳಿಯೂ ಬೆಳೆಯಿತು. ಎಲೆಯೊಳಗಿನ ಮರಿಗೆ ಎಲೆಯೇ ಕವಚ. ಅದರ ಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಪುಟ್ಟ ಕಣಜಗಳಿಗಾದರೋ ಯಾವ ಕವಚವೂ ಇಲ್ಲ. ಕಾವಲುಗಾರ ಸತ್ತ, ಕಳ್ಳ ಉಳಿದ.

ಇನ್ನು ನಮ್ಮ ತೋಟದ ಮಾತು. ನಮ್ಮ ಕಾಫಿ ಎಲೆಯ ಮೇಲೆ ಸಾಮಾನ್ಯವಾಗಿ ಕಾಣುವ ಸಣ್ಣ ಬೆಳ್ಳಿಗೆರೆ ಪತಂಗದ್ದಲ್ಲ, ಒಂದು ಪುಟ್ಟ ನೊಣದ ಮರಿಯದು. ಕಾಲಿಲ್ಲದ ಈ ಮರಿ ಇರುವೆ ಸಾಲಿನಂಥ ಕಿರಿದಾದ ದಾರಿ ಕೊರೆಯುತ್ತದೆ. ಅಗಲವಾದ ಕಂದು ಮಚ್ಚೆ ಮಾಡುವುದಿಲ್ಲ. ಇದರಿಂದಾಗುವ ನಷ್ಟ ಅಲ್ಪ. ಇದಕ್ಕಾಗಿ ಇಡೀ ತೋಟಕ್ಕೆ ಔಷಧಿ ಹೊಡೆಯುವುದೆಂದರೆ ಔಷಧಿಯ ಹಣ, ಆಳಿನ ಕೂಲಿ ಎರಡನ್ನೂ ಮಣ್ಣುಪಾಲು ಮಾಡಿ, ಮೇಲೆ ಕಣಜಗಳನ್ನೂ ಕೊಂದಂತೆ. ಆ ಹಣ ಬಿಳಿ ಕಾಂಡಕೊರಕ ಹೊಕ್ಕ ಗಿಡ ಹುಡುಕಿ ತೆಗೆಯುವ ಕೆಲಸಕ್ಕೆ ಹೋಗಲಿ. ಅಡಿಕೆಯ ಹಿಂಗಾರ ತಿನ್ನುವ ಹುಳು ಪತಂಗದ ಮರಿಯೇ ಹೌದು. ಆದರೆ ಅದರ ಕುಟುಂಬವೇ ಬೇರೆ, ಉಪಾಯವೂ ಬೇರೆ.

ಹಾಗೆಂದು ಮೈಮರೆಯುವಂತಿಲ್ಲ. ಹೊರನಾಡಿನ ಕಾಯಿಕೊರಕ 1990ರಲ್ಲಿ ನೀಲಗಿರಿಯ ಗೂಡಲೂರು ಕಡೆ ಕಂಡು, ಅನಂತರ ನಮ್ಮ ಸೀಮೆಗೂ ಹಬ್ಬಿದ್ದನ್ನು ಬೆಳೆಗಾರರು ಮರೆತಿಲ್ಲ. ಹೊರದೇಶದ ಕಾಫಿ ಸಸಿಯನ್ನಾಗಲಿ ಕಡ್ಡಿಯನ್ನಾಗಲಿ, ಯಾರು ಎಷ್ಟೇ ವಿಶೇಷ ತಳಿಯೆಂದು ಕೊಟ್ಟರೂ, ಸರ್ಕಾರದ ತಪಾಸಣೆ ತಪ್ಪಿಸಿ ತರಬಾರದು. ಕೋಶ ಅಂಟಿದ ಒಂದು ಎಲೆ ಸಾಕು.

ಆದ್ದರಿಂದ ಸದಸ್ಯ ಬಂಧುಗಳಲ್ಲಿ ನಮ್ಮ ಮನವಿ ಇಷ್ಟೆ. ಗೆರೆ ಕಂಡರೆ ಸುಮ್ಮನಿರಿ. ಸಿಪ್ಪೆ ಏಳುವ ಅಗಲ ಮಚ್ಚೆ ಕಂಡರೆ, ಒಳಗಿನ ಹುಳುವಿನ ಸಮೇತ ನಾಲ್ಕಾರು ಎಲೆಗಳನ್ನು ಕಾಗದದ ಪೊಟ್ಟಣದಲ್ಲಿ ಸಂಘಕ್ಕೋ ಕಾಫಿ ಬೋರ್ಡಿನ ವಿಸ್ತರಣಾ ಕಚೇರಿಗೋ ತಲುಪಿಸಿ. ಹೆಸರು ತಿಳಿದ ಮೇಲೆ ಪಂಪು ಹೆಗಲೇರಬೇಕೋ ಬೇಡವೋ ಎಂದು ತೀರ್ಮಾನಿಸೋಣ.