ಗಣಕದ ಹುಡುಕಾಟದಲ್ಲಿ ‘ದಾಖಲೆ’ ಎಂಬ ವರ್ಗ: ಕನ್ನಡ ಸಂಶೋಧನೆಯ ದೃಷ್ಟಿಯಿಂದ ಕೆಲವು ಮಾತು

ಸರ್ಕಾರಿ ಕಚೇರಿಗಳಲ್ಲಿಯೂ ಗಣಕದ ಪರಿಭಾಷೆಯಲ್ಲಿಯೂ ‘ಫೈಲ್’ ಎಂಬುದಕ್ಕೆ ಸಂವಾದಿಯಾಗಿ ನಾವಿಂದು ‘ಕಡತ’ ಎಂಬ ಪದವನ್ನು ಬಳಸುತ್ತಿದ್ದೇವೆ. ಹಸ್ತಪ್ರತಿಶಾಸ್ತ್ರವನ್ನು ಓದಿದವರಿಗೆ ಈ ಪದದ ಹಿಂದಿನ ಅರ್ಥ ತಿಳಿದೇ ಇದೆ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಲೇಪಿಸಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕವೇ ಕಡತ. ವರ್ತಕರ ಲೆಕ್ಕವೂ ಮಠಗಳ ಆಯವ್ಯಯವೂ ಇದರಲ್ಲಿ ದಾಖಲಾಗುತ್ತಿದ್ದವು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಸುಪರಿಚಿತ. ಓಲೆ, ತಾಮ್ರಪಟ, ಕಾಗದ, ಕಡತ ಎಂದು ಪೂರ್ವಿಕರು ಬರಹಕ್ಕೆ ಹೆಸರಿಟ್ಟದ್ದು ಬಹುಮಟ್ಟಿಗೆ ಅದನ್ನು ಹೊತ್ತ ವಸ್ತುವಿನಿಂದಲೇ. ಆದರೆ ಬರೆದದ್ದು ಬಟ್ಟೆಯ ಮೇಲೆ ಎಂಬ ಕಾರಣಕ್ಕೆ ಅದು ದಾಖಲೆಯಲ್ಲವೆಂದು ಯಾವ ಸಂಶೋಧಕರೂ ಹೇಳಿದವರಲ್ಲ. ಇಂದು ನಮ್ಮ ಮೇಜಿನ ಮೇಲಿರುವ ಗಣಕವು ದಿನನಿತ್ಯವೂ ಹೇಳುತ್ತಿರುವುದು ಹೆಚ್ಚುಕಡಿಮೆ ಅದನ್ನೇ. ಅದರ ಮಾತನ್ನು ನಾವು ಪರೀಕ್ಷಿಸದೆ ನಮ್ಮ ಪ್ರಬಂಧಗಳೊಳಕ್ಕೆ ತರುತ್ತಿದ್ದೇವೆ ಎಂಬುದು ಈ ಲೇಖನದ ಆಕ್ಷೇಪ.

ಈ ವರ್ಗೀಕರಣ ನಡೆಯುವ ಬಗೆಯನ್ನು ಮೊದಲು ಸ್ಥೂಲವಾಗಿ ಗಮನಿಸಬಹುದು. 2004ರಲ್ಲಿ ಗೂಗಲ್ ಸಂಸ್ಥೆಯ ಡೆಸ್ಕ್‌ಟಾಪ್ ಶೋಧಕ ಬಂದಿತು (2011ರಲ್ಲಿ ಅದು ನಿಂತುಹೋಯಿತು). 2005ರಲ್ಲಿ ಆಪಲ್ ಗಣಕಗಳಿಗೆ ಸ್ಪಾಟ್‌ಲೈಟ್ ಬಂದಿತು; 2007ರ ವಿಂಡೋಸ್ ವಿಸ್ಟಾದಿಂದ ಹುಡುಕಾಟವು ಆ ವ್ಯವಸ್ಥೆಯ ಅಂಗವೇ ಆಯಿತು. ವಿಂಡೋಸ್‌ನಲ್ಲಿ ಕಡತದ ಹೆಸರಿನ ಕೊನೆಯಲ್ಲಿ ಚುಕ್ಕಿಯ ನಂತರ ಬರುವ ಮೂರು ನಾಲ್ಕು ಅಕ್ಷರಗಳ ಬಾಲವನ್ನು ನೋಡಿ, ಮೊದಲೇ ಸಿದ್ಧವಿರುವ ಒಂದು ಪಟ್ಟಿಯೊಡನೆ ತಾಳೆ ಹಾಕಿ, ಇದು ‘ಡಾಕ್ಯುಮೆಂಟ್’, ಇದು ‘ಪಿಕ್ಚರ್’, ಇದು ‘ಮ್ಯೂಸಿಕ್’ ಎಂದು ಬಗೆ ಮಾಡಲಾಗುತ್ತದೆ. ಡಾಕ್, ಟಿಎಕ್ಸ್‌ಟಿ, ಪಿಡಿಎಫ್ ಎಂಬ ಬಾಲಗಳು ದಾಖಲೆಯ ಸಾಲಿಗೆ, ಜೆಪಿಜಿ, ಟಿಫ್ ಚಿತ್ರದ ಸಾಲಿಗೆ, ಎಂಪಿ3 ಸಂಗೀತದ ಸಾಲಿಗೆ ಸೇರುತ್ತವೆ. ಕಡತವನ್ನು ತೆರೆದು ಒಳಗಿನ ಮಾತುಗಳನ್ನು ಸೂಚಿಗೆ ಸೇರಿಸಬೇಕಾದರೆ ಆಯಾ ಬಾಲಕ್ಕೆಂದೇ ಬರೆದ ‘ಫಿಲ್ಟರ್’ ಎಂಬ ಪುಟ್ಟ ತಂತ್ರಾಂಶ ಇರಬೇಕು. ಇಲ್ಲವಾದರೆ ಕಡತದ ಹೆಸರು, ತಾರೀಖು, ಗಾತ್ರ ಮಾತ್ರ ಸೂಚಿಗೆ ಸೇರುತ್ತವೆ, ಒಳಗಿನದು ಸೇರುವುದಿಲ್ಲ. ಸ್ಪಾಟ್‌ಲೈಟ್ ಮೊದಲಿನಿಂದಲೂ ಪಿಡಿಎಫ್ ಅನ್ನು ಇತರ ದಾಖಲೆಗಳಿಂದ ಬೇರ್ಪಡಿಸಿ ತೋರಿಸುತ್ತ ಬಂದಿತು. ಒಂದು ಯಂತ್ರದಲ್ಲಿ ದಾಖಲೆಯಾದದ್ದು ಇನ್ನೊಂದರಲ್ಲಿ ಬೇರೆ ಜಾತಿಯದಾಗಬಹುದು ಎಂಬುದಕ್ಕೆ ಇದೊಂದೇ ನಿದರ್ಶನ ಸಾಕು.

ನನ್ನ ಸ್ವಂತ ಪ್ರಮಾದವೊಂದನ್ನು ಇಲ್ಲಿ ಹೇಳಿಕೊಳ್ಳಬೇಕಾಗಿದೆ. ಬೆಂಗಳೂರಿನ ದಕ್ಷಿಣ ಭಾಗದ ಕೆರೆಗಳ ಬಗೆಗಿನ ಜನಪದ ಹಾಡುಗಳು ನನ್ನ ಅಧ್ಯಯನದ ಒಂದು ಅಧ್ಯಾಯ. ನಿವೃತ್ತ ಅಧ್ಯಾಪಕರೊಬ್ಬರು ಹಲವು ವರ್ಷಗಳ ಕ್ಷೇತ್ರಕಾರ್ಯದ ಸಾಮಗ್ರಿಯನ್ನೆಲ್ಲ ಒಂದು ಹಾರ್ಡ್‌ಡಿಸ್ಕಿನಲ್ಲಿ ತುಂಬಿ ನನಗೆ ಕೊಟ್ಟರು. ಲಾಲ್‌ಬಾಗಿನ ಸಿದ್ದಾಪುರ ಗೇಟಿಗೆ ಸಮೀಪದ ನನ್ನ ಬಾಡಿಗೆ ಕೋಣೆಯಲ್ಲಿ ಕುಳಿತು ಆ ಡಿಸ್ಕಿನಲ್ಲಿ ‘ತೂಬು’ ಎಂಬ ಪದವನ್ನು ಹುಡುಕಿದೆ. ಹೊಂದುವ ಯಾವುದೂ ಇಲ್ಲವೆಂದು ಯಂತ್ರ ಉತ್ತರಿಸಿತು. ಕೆರೆಯ ಹಾಡುಗಳಲ್ಲಿ ಏರಿ ಬರುತ್ತದೆ, ಕೋಡಿ ಬರುತ್ತದೆ, ತೂಬು ಮಾತ್ರ ಬರುವುದಿಲ್ಲ. ನೀರು ಹಂಚುವ ಅಧಿಕಾರ ಹಾಡುಗಾರ್ತಿಯರ ಲೋಕದಿಂದ ಹೊರಗಿದ್ದುದೇ ಇದಕ್ಕೆ ಕಾರಣವಿರಬೇಕು ಎಂದು ವಿಚಾರಸಂಕಿರಣವೊಂದರಲ್ಲಿ ಸಾಕಷ್ಟು ಆತ್ಮವಿಶ್ವಾಸದಿಂದಲೇ ಮಂಡಿಸಿದೆ. ಏರಿ, ಕೋಡಿಗಳನ್ನು ಅಚ್ಚಾದ ಸಂಕಲನಗಳಲ್ಲಿ ಕಣ್ಣಿನಿಂದ ಓದಿ ಗುರುತಿಸಿದ್ದೆ, ತೂಬನ್ನು ಮಾತ್ರ ಯಂತ್ರಕ್ಕೆ ಒಪ್ಪಿಸಿದ್ದೆ ಎಂಬ ವ್ಯತ್ಯಾಸ ಆಗ ಹೊಳೆದಿರಲಿಲ್ಲ. ಗೋಷ್ಠಿ ಮುಗಿದ ಮೇಲೆ ಆ ಅಧ್ಯಾಪಕರು ಹತ್ತಿರ ಬಂದು, “ಅಲ್ಲಮ್ಮ, ತೂಬು ಎತ್ತುವ ಹಾಡೇ ಒಂದಿದೆಯಲ್ಲ, ನಾನೇ ಬರೆದುಕೊಂಡದ್ದು. ನೀನು ನೋಡಲಿಲ್ಲವೆ?” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ; ಇದ್ದಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಹಾಡು ಡಿಸ್ಕಿನಲ್ಲಿಯೇ ಇತ್ತು, ಅದೂ ‘ದಾಖಲೆ’ಯೆಂದು ಯಂತ್ರವು ಗುರುತಿಸಿದ್ದ ಡಾಕ್ ಕಡತದಲ್ಲಿ. ಆದರೆ ಅದನ್ನು ನುಡಿ ತಂತ್ರಾಂಶದ ಹಳೆಯ ಅಕ್ಷರಮಾದರಿಯಲ್ಲಿ ಬೆರಳಚ್ಚು ಮಾಡಲಾಗಿತ್ತು. ಬರಹ 1998ರಲ್ಲಿಯೂ ನುಡಿ ಅದರ ಬೆನ್ನಿಗೇ ಮುಂದಿನ ವರ್ಷಗಳಲ್ಲಿಯೂ ಬಂದು ಕನ್ನಡಕ್ಕೆ ಮಾಡಿದ ಉಪಕಾರವನ್ನು ಮರೆಯುವಂತಿಲ್ಲ. ಒಂದು ತಲೆಮಾರಿನ ಪಿಎಚ್.ಡಿ. ಪ್ರಬಂಧಗಳು ಅವುಗಳಿಂದಲೇ ಅಚ್ಚಾದವು. ಆದರೆ ಆ ಕಾಲದ ಅಕ್ಷರಮಾದರಿಗಳು ರೋಮನ್ ಲಿಪಿಯ ಸಂಕೇತಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದವು. ನಮ್ಮ ಕಣ್ಣಿಗೆ ‘ಕನ್ನಡ’ ಎಂದು ಕಾಣುವ ಪದ ನುಡಿಯ ಕಡತದೊಳಗೆ ನಿಜವಾಗಿ ಇರುವುದು ಹೀಗೆ: ಇಂಗ್ಲಿಷಿನ ದೊಡ್ಡ ‘ಪಿ’, ನೆತ್ತಿಯ ಮೇಲೆ ಗೀಟಿರುವ ‘ಎ’, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ‘ಎ’, ಜರ್ಮನ್ನರ ಜೋಡಿ ‘ಎಸ್’, ಸಣ್ಣ ‘ಕ್ಯೂ’, ಮತ್ತೊಮ್ಮೆ ಅದೇ ‘ಎ’. ಯಂತ್ರವು ಸೂಚಿಗೆ ಸೇರಿಸಿಕೊಳ್ಳುವುದು ಈ ಸಾಲನ್ನು. ಇಂದು ನಾವು ಯೂನಿಕೋಡಿನಲ್ಲಿ ಕೀಲಿಸಿ ಹುಡುಕುವ ‘ಕನ್ನಡ’ಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಎದುರಿಗೆ ಕುಳಿತ ಅತಿಥಿಯನ್ನು ಹೆಸರು ತಪ್ಪಾಗಿ ಕೂಗಿ, ಓಗೊಡಲಿಲ್ಲವಾದ್ದರಿಂದ ಬಂದೇ ಇಲ್ಲವೆಂದು ಬರೆದುಕೊಂಡ ಹಾಗೆ.

ಮಿಕ್ಕ ಸಾಮಗ್ರಿಯ ಗತಿ ಇನ್ನೂ ವಿಚಿತ್ರ. ಬರಹದ ಸ್ವಂತ ಬಿಆರ್‌ಎಚ್ ಕಡತಗಳು ನನ್ನ ಗಣಕಕ್ಕೆ ಯಾವ ವರ್ಗಕ್ಕೂ ಸೇರದ ಅನಾಮಿಕಗಳಾಗಿದ್ದವು. ಓಲೆಗರಿಗಳ ಛಾಯಾಚಿತ್ರಗಳು, ಶಾಸನಗಳ ಅಚ್ಚುಪ್ರತಿಗಳು, ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಪುಟ ಪುಟವಾಗಿ ಟಿಫ್ ರೂಪಕ್ಕಿಳಿದ ಹಳೆಯ ಕನ್ನಡ ಪುಸ್ತಕಗಳು, ಇವೆಲ್ಲ ಅಧ್ಯಾಪಕರ ಕುಟುಂಬದ ಮದುವೆಯ ಫೋಟೋಗಳೊಡನೆ ‘ಚಿತ್ರ’ಗಳಾಗಿದ್ದವು. ನೀಲಗಾರರು ಹಾಡಿದ ಮಂಟೇಸ್ವಾಮಿ ಕಾವ್ಯದ ಧ್ವನಿಮುದ್ರಣ ‘ಸಂಗೀತ’ದಲ್ಲಿ, ಚಲನಚಿತ್ರ ಗೀತೆಗಳ ನಡುವೆ ಇತ್ತು. ನೀಲಗಾರರಿಗೆ ಇದರಿಂದ ಬೇಸರವಾಗಲಾರದು, ಬೇಸರವಾಗಬೇಕಾದುದು ನಮಗೆ. ಮೌಖಿಕ ಕಾವ್ಯವೂ ಕಾವ್ಯವೇ, ಅದೂ ದಾಖಲೆಯೇ ಎಂದು ಹಲವು ದಶಕಗಳ ಕಾಲ ವಾದಿಸಿ ಪಠ್ಯಕ್ರಮದಲ್ಲಿ ಸ್ಥಾನ ದೊರಕಿಸಿಕೊಟ್ಟ ಜಾನಪದ ವಿದ್ವಾಂಸರ ಶ್ರಮವನ್ನು ಒಂದು ಬಾಲದ ಪಟ್ಟಿ ಸದ್ದಿಲ್ಲದೆ ತಳ್ಳಿಹಾಕುತ್ತಿದೆ. ಅದೇ ಡಿಸ್ಕಿನಲ್ಲಿ ಮುದ್ರಕದ ಬಳಕೆಯ ಕೈಪಿಡಿಯೊಂದು ಪಿಡಿಎಫ್ ಆಗಿದ್ದ ಒಂದೇ ಕಾರಣಕ್ಕೆ ಉತ್ತಮ ದಾಖಲೆಯೆನಿಸಿಕೊಂಡಿತ್ತು.

ನಮ್ಮ ಹಸ್ತಪ್ರತಿ ಸೂಚಿಗಳ ಪರಂಪರೆಯನ್ನು ಇಲ್ಲಿ ನೆನೆಯಬೇಕು. ಓಲೆಯ ಒಂದೇ ಕಟ್ಟಿನಲ್ಲಿ ಹಲವು ಕೃತಿಗಳಿರುತ್ತವೆ. ಮೇಲಿನ ಹಲಗೆಯ ಚೀಟಿಯಲ್ಲಿ ಒಂದು ಹೆಸರು, ಒಳಗೆ ಮತ್ತೊಂದು. 1891ರಲ್ಲಿ ಆರಂಭವಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿಯೂ ಆಮೇಲೆ ಕನ್ನಡ ಅಧ್ಯಯನ ಸಂಸ್ಥೆಯಲ್ಲಿಯೂ ಸೂಚಿ ಸಿದ್ಧಪಡಿಸಿದವರು ಚೀಟಿಯನ್ನು ನಂಬಿ ಕೈತೊಳೆದುಕೊಳ್ಳಲಿಲ್ಲ. ಗರಿಗಳನ್ನು ಬಿಡಿಸಿ ಕೃತಿಯ ಆದಿ, ಅಂತ್ಯ, ಗರಿಗಳ ಸಂಖ್ಯೆ, ಲಿಪಿಕಾರನ ಮಾತು, ಅಸಮಗ್ರವೋ ಸಮಗ್ರವೋ ಎಂಬುದನ್ನೆಲ್ಲ ಬರೆದಿಟ್ಟರು. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ 1907ರಲ್ಲಿ ಬಂದಾಗಿನಿಂದ ನಾವು ಅದನ್ನು ಅವಲಂಬಿಸಿದ್ದೇವೆ, ಅದು ಹೇಳಿದ್ದನ್ನು ತಿದ್ದಿದ್ದೇವೆ ಕೂಡ. ತಿದ್ದಲು ಸಾಧ್ಯವಾದದ್ದು ಯಾವ ಆಕರವನ್ನು ನೋಡಿ ಹೇಳಿದರೆಂಬುದು ತಿಳಿದಿದ್ದುದರಿಂದ. ಯಂತ್ರದ ‘ಇಲ್ಲ’ ಎಂಬ ಉತ್ತರಕ್ಕೆ ಆ ಬಗೆಯ ಆಧಾರವಿಲ್ಲ. ಎಷ್ಟು ಕಡತಗಳನ್ನು ತೆರೆಯಿತು, ಎಷ್ಟರ ಹೆಸರನ್ನಷ್ಟೇ ಓದಿತು, ಎಷ್ಟನ್ನು ಮುಟ್ಟಲಿಲ್ಲ ಎಂಬುದನ್ನು ಅದು ಉತ್ತರದ ಜೊತೆಗೆ ಹೇಳುವುದಿಲ್ಲ.

ಇವೆಲ್ಲ ಹಳೆಯ ಕಾಲದ ತೊಡಕುಗಳು, ಪರಿವರ್ತಕಗಳೂ ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶಗಳೂ ಬಂದಿವೆಯಲ್ಲ ಎಂಬ ಆಕ್ಷೇಪ ಬರಬಹುದು. ಬಂದಿರುವುದು ನಿಜ, ಸ್ವಚ್ಛವಾದ ಅಚ್ಚಿನ ಪುಟಗಳಲ್ಲಿ ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ‘ಧರ್ಮ’ ಎಂಬ ಪದದಲ್ಲಿ ಅರ್ಕಾವತ್ತು ಹಳೆಯ ಸಂಕೇತದಲ್ಲಿ ‘ಮ’ಕಾರದ ನಂತರವೂ ಯೂನಿಕೋಡಿನಲ್ಲಿ ಅದಕ್ಕೆ ಮೊದಲೂ ಬರುತ್ತದೆ, ಪರಿವರ್ತನೆಯಲ್ಲಿ ಇದು ಎಡವಿದರೆ ಓದುಗರಿಗೆ ತಪ್ಪು ಕಂಡೀತು, ಹುಡುಕುವವರಿಗೆ ಕಾಣದು. ಹಳಗನ್ನಡದ ಱ, ೞಗಳ ವಿಷಯವಂತೂ ಹೇಳುವುದೇ ಬೇಡ. ಯೂನಿಕೋಡಿನ ಅಧಿಕೃತ ಪಟ್ಟಿಯಲ್ಲಿ ‘ೞ’ಕ್ಕೆ ‘ಫ’ ಎಂಬ ತಪ್ಪು ಹೆಸರು ಬಿದ್ದು, ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಅದು ಹಾಗೆಯೇ ಉಳಿದಿದೆ. ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಲಾಗಿದೆ. ಹೆಸರಿನ ತಪ್ಪಿನಿಂದ ಅಕ್ಷರಕ್ಕೇನೂ ತೊಂದರೆಯಿಲ್ಲ, ಆದರೂ ಕೇಶಿರಾಜನನ್ನು ಪಾಠ ಹೇಳುವವರಿಗೆ ತಿಳಿದಿರಬೇಕಾದ ಸಂಗತಿ. ಇನ್ನು ‘ಕೆರೆ’ ಎಂದು ಹುಡುಕಿದರೆ ‘ದಾವಣಗೆರೆ’ ಸಿಗದಿರುವುದಕ್ಕೆ ಯಂತ್ರವನ್ನು ದೂರುವಂತಿಲ್ಲ. ಆದೇಶಸಂಧಿಯನ್ನು ಅದಕ್ಕೆ ಯಾರೂ ಕಲಿಸಿಲ್ಲ.

ಯುಜಿಸಿಯ 2009ರ ನಿಯಮಾವಳಿಯ ತರುವಾಯ ಪ್ರಬಂಧಗಳ ವಿದ್ಯುನ್ಮಾನ ಪ್ರತಿಗಳು ಶೋಧಗಂಗಾ ಭಂಡಾರಕ್ಕೆ ಸೇರುತ್ತಿವೆ. ಹಳೆಯ ಅಕ್ಷರಮಾದರಿಯಿಂದ ಪಿಡಿಎಫ್ ಆದ ಕನ್ನಡ ಪ್ರಬಂಧವು ಅಲ್ಲಿ ಕಣ್ಣಿಗೆ ಕಾಣುತ್ತದೆ, ಮಾತಿಗೆ ಸಿಗುವುದಿಲ್ಲ. ‘ಈ ವಿಷಯದಲ್ಲಿ ಈವರೆಗೆ ಅಧ್ಯಯನ ನಡೆದಿಲ್ಲ’ ಎಂಬ ವಾಕ್ಯ ನಮ್ಮ ಪ್ರಸ್ತಾವನೆಗಳಲ್ಲಿ ಹೇರಳವಾಗಿರುವುದಕ್ಕೆ ಇದೂ ಒಂದು ಕಾರಣವಿದ್ದೀತೆಂಬ ಅನುಮಾನ ನನ್ನದು. ಆದ್ದರಿಂದ ಪ್ರಬಂಧದ ಯೂನಿಕೋಡ್ ಪಠ್ಯವನ್ನು ಪಿಡಿಎಫ್ ಜೊತೆಗೆ ಒಪ್ಪಿಸುವುದನ್ನು ವಿಭಾಗಗಳು ಕಡ್ಡಾಯ ಮಾಡಬೇಕು. ಅದಕ್ಕಿಂತ ಮುಖ್ಯವಾಗಿ, ಯಾವುದಾದರೂ ಪದವೋ ಕೃತಿಯೋ ವಿಷಯವೋ ‘ಇಲ್ಲ’ ಎಂದು ಬರೆಯುವ ಸಂಶೋಧಕರು ಎಲ್ಲಿ, ಯಾವ ಬಗೆಯ ಕಡತಗಳಲ್ಲಿ, ಯಾವ ಲಿಪಿಸಂಕೇತದಲ್ಲಿ ಹುಡುಕಿದೆವು, ಯಾವುದನ್ನು ಕಣ್ಣಿನಿಂದ ಓದಿದೆವು ಎಂಬುದನ್ನು ಅಧ್ಯಯನ ವಿಧಾನದ ಭಾಗದಲ್ಲಿ ನಮೂದಿಸಬೇಕು. ನಮೂದಿಸದಿದ್ದರೆ ಮಾರ್ಗದರ್ಶಕರೂ ಪರೀಕ್ಷಕರೂ ಕೇಳಬೇಕು. ನನ್ನನ್ನು ಯಾರಾದರೂ ಮೊದಲೇ ಕೇಳಿದ್ದರೆ ಆ ಪ್ರಬಂಧವನ್ನು ನಾನು ಹಾಗೆ ಮಂಡಿಸುತ್ತಿರಲಿಲ್ಲ.

ಆ ಡಿಸ್ಕಿನ ಸಾಮಗ್ರಿಗೆ ಈಗ ಹಳೆಯ ಕ್ರಮದಲ್ಲಿಯೇ ಒಂದು ಸೂಚಿಯನ್ನು ಕೈಬರಹದಲ್ಲಿ ಮಾಡುತ್ತಿದ್ದೇನೆ. ಕಡತದ ಹೆಸರು, ಬಾಲ, ಅಕ್ಷರಮಾದರಿ, ಹಾಡಿದವರ ಊರು, ಮೊದಲ ಸಾಲು, ಕೊನೆಯ ಸಾಲು. ಇದನ್ನು ನನಗೆ ಸೂಚಿಸಿದವರು ಸಿದ್ದಾಪುರದಲ್ಲಿ ಪ್ರಬಂಧಗಳನ್ನು ಬೆರಳಚ್ಚು ಮಾಡಿಕೊಡುವ ಅಂಗಡಿಯವರು. ಯಾರ ಕಡತ ಎಲ್ಲಿದೆಯೆಂದು ಅವರು ನೋಡುವುದು ಗಣಕದಲ್ಲಲ್ಲ, ಮೇಜಿನ ಮೇಲಿನ ರಟ್ಟಿನ ಪುಸ್ತಕದಲ್ಲಿ. ಬರಹರೂಪದ ಕಡತಗಳು ಮುಗಿದಿವೆ. ತೂಬಿನ ಹಾಡಿನ ಜೊತೆಗೆ ತೂಬು ಕಾಯುವವನನ್ನು ಗೇಲಿ ಮಾಡುವ ಇನ್ನೊಂದು ಹಾಡೂ ಸಿಕ್ಕಿ, ನನ್ನ ಹಿಂದಿನ ತೀರ್ಮಾನ ತಲೆಕೆಳಗಾಗಿದೆ. ‘ಸಂಗೀತ’ ಎಂಬ ವಿಭಾಗದಲ್ಲಿರುವುದನ್ನು ಇನ್ನು ಮೇಲೆ ಕಿವಿಗೊಟ್ಟು ಕೇಳಬೇಕಾಗಿದೆ.