ಆಟಕ್ಕೂ ಬೇಕು ತಕ್ಕಡಿ

ಇಂಡಿಯ ಪೇಟೆಯಲ್ಲಿ ನಿಂಬೆಹಣ್ಣು ಕೊಳ್ಳುವವರು ಚೀಲದ ಅಂದ ನೋಡಿ ಬೆಲೆ ಕಟ್ಟುವುದಿಲ್ಲ. ಹಣ್ಣನ್ನು ಕೈಯಲ್ಲಿ ಹಿಡಿದು, ಸಿಪ್ಪೆಯನ್ನು ಒತ್ತಿ, ಒಳಗೆ ರಸವಿದೆಯೆಂದು ಮನವರಿಕೆಯಾದ ಮೇಲೆಯೇ ಮುಂದಿನ ಮಾತು. ಸಿಂದಗಿಯ ತೊಗರಿಯಾಗಲಿ, ಮುದ್ದೇಬಿಹಾಳದ ಜೋಳವಾಗಲಿ, ಬಸವನ ಬಾಗೇವಾಡಿಯ ಕಡಲೆಯಾಗಲಿ, ಅಂಗೈಯಲ್ಲಿ ಹರವಿ ನೋಡದೆ ನಾವು ಯಾವುದನ್ನೂ ಮನೆಯೊಳಗೆ ತರುವವರಲ್ಲ. ಆದರೆ ಮೊಬೈಲಿನ ಮೂಲಕ ದಿನವೂ ನಮ್ಮ ಮನೆಯೊಳಗೆ ಬರುತ್ತಿರುವ ಆಟಗಳನ್ನು ಒಮ್ಮೆಯಾದರೂ ಹೀಗೆ ಪರೀಕ್ಷಿಸಿದ್ದೇವೆಯೆ? ಈ ಪ್ರಶ್ನೆಯನ್ನು ವಾಚಕ ಬಂಧುಗಳ ಮುಂದಿಡುವ ಮೊದಲು ನಮಗೆ ನಾವೇ ಕೇಳಿಕೊಂಡಿದ್ದೇವೆ.

2021ರ ಗಣರಾಜ್ಯೋತ್ಸವ ಕಳೆದ ಕೆಲವು ದಿನಗಳಿಗೆ ಸಿಂದಗಿ ತಾಲ್ಲೂಕಿನ ನಮ್ಮ ಬೀಗರ ಮನೆಗೆ ಹೋಗಿದ್ದೆವು. ಪಡಸಾಲೆಯಲ್ಲಿ ಮೊಮ್ಮಗ ಮುಖ ಸಪ್ಪಗೆ ಮಾಡಿಕೊಂಡು ಕುಳಿತಿದ್ದ. ಹಿರಿಯರು ವಿಚಾರಿಸಿದರು: "ಯಾಕೋ ತಮ್ಮಾ, ಏನಾತು?"

"ಮುತ್ಯಾ, ಆ ಹೊಸಾ ಆಟಕ್ಕ ಎಷ್ಟು ದಿನದಿಂದ ಕಾಯ್ದಿದ್ದೆ. ಲಗೂನ ಮುಗದೇ ಹೋತು. ಬರೇ ಗುದ್ದಾಟ, ಬಂದೂಕೂ ಇಲ್ಲ."

"ಬಂದೂಕಿಲ್ಲದ ಯುದ್ಧ ಎಂಥಾದ್ದಪಾ?" ಎಂದು ಹಿರಿಯರು ನಕ್ಕು ನಮ್ಮ ಕಡೆ ನೋಡಿದರು. ಆಗ ನಮ್ಮಲ್ಲಿಯೂ ಉತ್ತರವಿರಲಿಲ್ಲ.

ಹುಡುಗ ಹೇಳಿದ ಆಟದ ಹೆಸರು 'ಫೌಜಿ'. ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಸಂಸ್ಥೆಯ ರಚನೆ ಅದು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರವು ಪಬ್‌ಜಿ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತು. ಎರಡೇ ದಿನಗಳಲ್ಲಿ ಚಿತ್ರನಟ ಅಕ್ಷಯ್ ಕುಮಾರ್ ಫೌಜಿಯನ್ನು ಘೋಷಿಸಿದರು. ನಿವ್ವಳ ಆದಾಯದ ಶೇಕಡಾ 20 ಭಾಗವನ್ನು ವೀರಯೋಧರ ಕುಟುಂಬಗಳಿಗೆ ನೆರವಾಗುವ 'ಭಾರತ್ ಕೇ ವೀರ್' ನಿಧಿಗೆ ಸಲ್ಲಿಸುವುದಾಗಿಯೂ ಸಾರಲಾಯಿತು. 2021ರ ಜನವರಿ 26ರಂದು ಆಟ ಬಿಡುಗಡೆಯಾದಾಗ ಲಕ್ಷಾಂತರ ಜನ ಅದನ್ನು ಇಳಿಸಿಕೊಂಡರು. ಕಥೆ ನಡೆಯುವುದು ಗಾಲ್ವಾನ್ ಕಣಿವೆಯಲ್ಲಿ. 2020ರ ಜೂನ್ 15ರ ರಾತ್ರಿ ನಮ್ಮ 20 ಯೋಧರು ಪ್ರಾಣಾರ್ಪಣೆ ಮಾಡಿದ ನೆಲವದು.

ಆಟದ ಹಿಂದೆ ದೇಶಾಭಿಮಾನವಿತ್ತು, ಪ್ರಖ್ಯಾತ ನಟನ ಹೆಸರಿತ್ತು, ಸತ್ಕಾರ್ಯದ ಸಂಕಲ್ಪವಿತ್ತು. ಆದರೂ ಆಡಿದವರು ಮೆಚ್ಚಲಿಲ್ಲ. ಮೊದಲು 5ಕ್ಕೆ 4ರ ಮೇಲಿದ್ದ ಆಟಗಾರರ ಅಂಕ ಸುಮಾರು 3ಕ್ಕೆ ಇಳಿಯಿತು. ಹೊಡೆದಾಟವೆಲ್ಲ ಒಂದೇ ತೆರನಾಗಿದೆ, ಬೇಗನೆ ಮುಗಿಯುತ್ತದೆ, ಗೆಳೆಯರೊಡನೆ ಕೂಡಿ ಆಡುವ ಅವಕಾಶವಿಲ್ಲ, ಬಂದೂಕಿಲ್ಲ ಎಂಬ ದೂರುಗಳು ಕೇಳಿಬಂದವು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕಾಗಿದೆ. ಈ ದೂರುಗಳೆಲ್ಲ ಒಂದೇ ತೂಕದವಲ್ಲ. ಬಂದೂಕಿಲ್ಲವೆಂಬ ಆಕ್ಷೇಪಣೆಯನ್ನು ನೋಡಿರಿ. ವಾಸ್ತವ ನಿಯಂತ್ರಣ ರೇಖೆಯ ಸಮೀಪದಲ್ಲಿ ಗುಂಡು ಹಾರಿಸಬಾರದೆಂದು ಭಾರತ ಮತ್ತು ಚೀನಾ 1996ರಲ್ಲಿ ಒಪ್ಪಂದ ಮಾಡಿಕೊಂಡಿದ್ದವು. ಗಾಲ್ವಾನಿನ ಕಾಳಗವು ಕಲ್ಲು, ದೊಣ್ಣೆ, ಮುಷ್ಟಿಗಳಿಂದಲೇ ನಡೆಯಿತು. ಹಾಗಾಗಿ ಬಂದೂಕಿಲ್ಲದಿರುವುದು ಆಟದ ದೋಷವಾಗಿರದೆ, ನಡೆದ ಸಂಗತಿಗೆ ತೋರಿದ ನಿಷ್ಠೆಯಾಗಿತ್ತು. ಆ ಹಿರಿಯರು ನಗುತ್ತ ಕೇಳಿದ ಪ್ರಶ್ನೆಗೆ ಉತ್ತರ ಇದೇ. ಅಂತಹ ಯುದ್ಧವೂ ಉಂಟು, ಅದರಲ್ಲಿ ನಮ್ಮವರು ಮಡಿದದ್ದೂ ಉಂಟು. ಆದರೆ ಒಂದೇ ಬಗೆಯ ಗುದ್ದಾಟವನ್ನು ಮತ್ತೆ ಮತ್ತೆ ಮುಂದಿಟ್ಟರೆಂಬ ದೂರು ನ್ಯಾಯವಾದದ್ದು. ವಿಷಯ ಪವಿತ್ರವೆಂಬ ಕಾರಣಕ್ಕೆ ಕೆಲಸದಲ್ಲಿ ರಿಯಾಯಿತಿ ಕೇಳಲಾಗದು. ಹಾಗೆ ಕೇಳುವುದು ಮಡಿದವರಿಗೆ ಮಾಡುವ ಗೌರವವೂ ಅಲ್ಲ.

ಇನ್ನು 'ಬೇಗ ಮುಗಿಯಿತು' ಎಂಬ ಮಾತು. ಚಿಕ್ಕದಾಗಿರುವುದು ತಪ್ಪೆ? ಈ ಬಗ್ಗೆ ಬೇರೆ ಎರಡು ಆಟಗಳ ಕಥೆಯನ್ನು ಹೇಳಬೇಕು. ಫೌಜಿಗೆ ಇದ್ದಂತಹ ಪ್ರಚಾರ ಇವೆರಡಕ್ಕೂ ಇರಲಿಲ್ಲ. ದೊಡ್ಡ ಕಂಪನಿಗಳ ಆಶ್ರಯವಿಲ್ಲದೆ ಒಬ್ಬಿಬ್ಬರು ತಮ್ಮ ಹೊಣೆಯಲ್ಲೇ ರಚಿಸುವ 'ಇಂಡೀ' ಆಟಗಳ ಸಾಲಿಗೆ ಇವು ಸೇರುತ್ತವೆ. ಆಡುವವನ ಕಣ್ಣಿನಿಂದಲೇ ಕಾಣುತ್ತ ಗುರಿಯಿಟ್ಟು ಹೊಡೆಯುವ ಬಗೆಯವು.

ಮೊದಲನೆಯದು ಆಸ್ಟ್ರೇಲಿಯಾದ ಸೋರಾತ್ ಎಂಬ ಪುಟ್ಟ ಬಳಗ 2016ರಲ್ಲಿ ಹೊರತಂದ 'ಡೆವಿಲ್ ಡ್ಯಾಗರ್ಸ್'. ಕಗ್ಗತ್ತಲೆಯ ನಡುವೆ ಒಂದೇ ಒಂದು ಅಂಗಳ. ಸುತ್ತಲಿಂದ ಏರಿಬರುವ ಭೂತಗಣ. ಕೈಯಿಂದ ಚಿಮ್ಮುವ ಕಠಾರಿಗಳು. ಒಮ್ಮೆ ತಾಕಿದರೆ ಆಟ ಮುಗಿಯಿತು. ಹೊಸಬರು ಒಂದು ನಿಮಿಷ ಉಳಿದರೆ ಹೆಚ್ಚು. 500 ಸೆಕೆಂಡು ಬದುಕುಳಿಯುವುದೇ ಅದರಲ್ಲಿಯ ಏಕೈಕ ಸಾಧನೆ. ಆದರೂ ವಿಮರ್ಶಕರು ಅದನ್ನು ಮನಸಾರೆ ಹೊಗಳಿದರು. ಆ ಕತ್ತಲೆಯ ವಾತಾವರಣ ಹಾಗೂ ಬೆನ್ನ ಹಿಂದಿನ ಅಪಾಯವನ್ನು ಕಿವಿಗೇ ತಿಳಿಸುವ ಧ್ವನಿ ಅವರಿಗೆ ಮೆಚ್ಚುಗೆಯಾಯಿತು. ಒಂದೇ ಅಂಗಳವಾಯಿತಲ್ಲ ಎಂದು ಕೊರಗಿದವರೂ ಇಲ್ಲದಿಲ್ಲ.

ಎರಡನೆಯದು ನಮ್ಮ ದೇಶದವರೇ ಆದ ವಿಧ್ವತ್ ಮದನ್ ಅವರ 'ಲವ್ಲಿ ಪ್ಲಾನೆಟ್', 2014ರಲ್ಲಿ ಬಂದದ್ದು. ಗುಂಡು ಹಾರಿಸುವ ಆಟವೇ ಹೌದು. ಆದರೆ ರಕ್ತದ ಒಂದು ಹನಿಯೂ ಇಲ್ಲ. ಮಕ್ಕಳ ಚಿತ್ರಪುಸ್ತಕದಂತಹ ಬಣ್ಣಗಳು, ಲವಲವಿಕೆಯ ಸಂಗೀತ. ಒಂದೊಂದು ಘಟ್ಟವೂ ಕೆಲವು ಸೆಕೆಂಡುಗಳದ್ದು. ಮೇಲೆ ಹಾರಿದ ಸೇಬು ನೆಲಕ್ಕೆ ಬೀಳುವ ಮೊದಲೇ ಹೊಡೆಯಬೇಕು, ತಪ್ಪಿದರೆ ಮೊದಲಿನಿಂದ ಶುರು. ಅದರ ವೇಗವನ್ನೂ ಚೊಕ್ಕತನವನ್ನೂ ವಿಮರ್ಶಕರು ಕೊಂಡಾಡಿದರು. ಅತಿಯಾದ ಕಾಠಿಣ್ಯವನ್ನು ಟೀಕಿಸಿದರು.

ಇದರಿಂದ ತಿಳಿಯುವುದೇನು? ಚಿಕ್ಕದಾದದ್ದು ತನ್ನೊಳಗೆ ತುಂಬಿಕೊಂಡಿದ್ದರೆ ಜನ ಅದನ್ನು ಚಿಕ್ಕದೆಂದು ದೂರುವುದಿಲ್ಲ. ಫೌಜಿಯ ವಿಷಯದಲ್ಲಿ ಆಟಗಾರರು 'ಬೇಗ ಮುಗಿಯಿತು' ಎಂದಾಗ, 'ಹುರುಳಿಲ್ಲದೆ ಮುಗಿಯಿತು' ಎಂಬುದೇ ಅವರ ಮನದ ಮಾತಾಗಿದ್ದಿರಬೇಕು. ಗಾತ್ರ, ಪ್ರಚಾರ, ಹೆಸರು ಇವು ಮೂರೂ ಆಟದ ಅಳತೆಗೋಲುಗಳಲ್ಲ.

ತಂದೆತಾಯಿಗಳಾದ ನಮಗೆ ಇಲ್ಲಿ ಮತ್ತೊಂದು ಸೂಕ್ಷ್ಮವಿದೆ. ಮುಗಿಯುವ ಆಟವೇ ಮನೆಗೆ ಕ್ಷೇಮಕರ. ಮುಗಿದ ಆಟ ಮಗುವನ್ನು ಊಟಕ್ಕೆ, ಓದಿಗೆ, ಓಣಿಯ ಗೆಳೆಯರಿಗೆ ಮರಳಿ ಕೊಡುತ್ತದೆ. ನಾಳೆ ಬಾ, ಇನ್ನಷ್ಟು ಕೊಡುತ್ತೇನೆ, ಹಣ ಹಾಕಿದರೆ ಮತ್ತಷ್ಟು ಕೊಡುತ್ತೇನೆ ಎಂದು ಕೊನೆಯಿಲ್ಲದೆ ಕರೆಯುವ ಆಟದ ಬಗ್ಗೆ ಎಚ್ಚರ ಬೇಕು. ಹಾಗೆಂದು ಚಿಕ್ಕ ಆಟವೆಲ್ಲ ಮಕ್ಕಳಿಗೆ ಯೋಗ್ಯವೆಂದಲ್ಲ. ಮೇಲೆ ಹೇಳಿದ ಭೂತಗಣದ ಆಟ ಎಳೆಯರಿಗೆ ತಕ್ಕುದಲ್ಲ. ಯಾವ ವಯಸ್ಸಿನವರಿಗೆಂಬುದನ್ನು ಆಟ ಇಳಿಸಿಕೊಳ್ಳುವ ಪುಟದಲ್ಲಿಯೇ ನಮೂದಿಸಿರುತ್ತಾರೆ. ಅದನ್ನು ಓದುವುದು ಹಿರಿಯರ ಕರ್ತವ್ಯ.

ಮೊಬೈಲನ್ನು ಕಸಿದುಕೊಳ್ಳುವುದು ಸುಲಭ. ಪಕ್ಕದಲ್ಲಿ ಕುಳಿತು ಕೇಳುವುದು ಕಷ್ಟ. ಇದನ್ನು ಮಾಡಿದವರು ಯಾರು? ಇದಕ್ಕೆ ಕೊನೆಯುಂಟೆ? ಇದರಲ್ಲಿ ನಿನಗೆ ಹಿಡಿಸಿದ್ದೇನು, ಬೇಸರವಾದದ್ದೇನು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಮಗು ತಾನೇ ವಿಮರ್ಶಕನಾಗುತ್ತದೆ. ಆರಿಸುವುದನ್ನು ಕಲಿತವನು ಆಟಕ್ಕೆ ಅಷ್ಟು ಸುಲಭವಾಗಿ ದಾಸನಾಗಲಾರ.

ಬೀಗರ ಮನೆಯ ಆ ಹುಡುಗನೂ ಅಂದು ವಿಮರ್ಶೆಯನ್ನೇ ಮಾಡಿದ್ದ. ನಾವು ಅದನ್ನು ಮಕ್ಕಳ ಹಟವೆಂದು ನಕ್ಕು ಬಿಟ್ಟೆವು. ಗಾಲ್ವಾನಿನ ಸಂಗತಿಯನ್ನು ಅಂದೇ ಅರಿತು ಹೇಳಿದ್ದರೆ, ಬಂದೂಕಿಲ್ಲದ ಆ ರಾತ್ರಿಯ ಕಥೆ ಅವನ ಮನಸ್ಸಿನಲ್ಲಿ ಆಟಕ್ಕಿಂತ ಹೆಚ್ಚು ದಿನ ಉಳಿಯುತ್ತಿತ್ತು. ನಮ್ಮಿಂದಾದ ಆ ಲೋಪ ವಾಚಕರ ಮನೆಗಳಲ್ಲಿ ಆಗದಿರಲೆಂಬುದೇ ನಮ್ಮ ಹಾರೈಕೆ.